ಬಿಟ್ಟು ಮುಂದೆ ಹೋಗು

ಹೊಸನಗರ
೧೦ ಫೆಬ್ರವರಿ ೨೦೨೬

ಪ್ರೀತಿಯ ಕುಮಾರಾ,

ಹೇಗಿದ್ದೀಯ ಮಗನೇ? ನೀನು ಕೆಲಸ ಮಾಡುವ ಸುರಂಗದ ಧೂಳಿಗೆ ಶುರುವಾದ ಕೆಮ್ಮು ಕಡಿಮೆಯಾಯಿತಾ? ಅರುಣಾಚಲದ ಚಳಿಗೆಂದು ಕಳಿಸಿದ ಉಣ್ಣೆ ಟೋಪಿ ತಲೆಯ ಮೇಲಿದೆಯೋ ಪೆಟ್ಟಿಗೆಯಲ್ಲಿದೆಯೋ ದೇವರಿಗೇ ಗೊತ್ತು. ಇಲ್ಲಿ ನಾವು ಮೂವರೂ ಆರಾಮ. ನನ್ನ ಸೊಸೆ ತನುಜಾ ಬ್ಯಾಂಕಿಗೆ ಹೋಗಿ ಬರುತ್ತಾಳೆ, ನನ್ನ ಮಂಡಿನೋವು ನನ್ನ ಜೊತೆಗೇ ಓಡಾಡಿಕೊಂಡಿದೆ. ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡ. ವಾಟ್ಸಾಪಿನಲ್ಲಿ ಏನು ಬರೆದರೂ ನೀನು ಒಂದು ಹೆಬ್ಬೆರಳು ಎತ್ತಿ ಸುಮ್ಮನಾಗುತ್ತೀಯ. ಭಾನುವಾರ ಫೋನ್ ಬಂದರೆ ಅದು ನಿನ್ನ ಮಗಳ ಕೈ ಬಿಟ್ಟು ಬರುವುದಿಲ್ಲ.

ಅವಳ ವಿಷಯಕ್ಕೇ ಬರೆಯುತ್ತಿದ್ದೇನೆ. ಶನಿವಾರ ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಸಿಇಟಿಯ ಮಾದರಿ ಪರೀಕ್ಷೆ ಇತ್ತು, ಹೊರಗಿನ ಮಕ್ಕಳೂ ಬರೆಯಬಹುದು ಅಂದಿದ್ದರು. ಸೌಜನ್ಯಳನ್ನು ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋದೆ. ಐದನೇ ಕ್ಲಾಸಿಗೇ ನೀನು ಶಾಲೆ ಬಿಡಿಸಿ ಮನೆಯಲ್ಲಿ ಪಾಠ ಶುರುಮಾಡಿದಾಗ, ಜೀವನವಿಡೀ ಹಾಜರಿ ಕೂಗಿದ ಈ ಟೀಚರಮ್ಮನ ಮೊಮ್ಮಗಳಿಗೆ ಹಾಜರಿಯೇ ಇಲ್ಲವಲ್ಲೋ ಅಂತ ನಾನು ಎಷ್ಟು ಕೂಗಾಡಿದ್ದೆ, ನೆನಪಿದೆಯಲ್ಲ? ಆದರೆ ಜೋಗದಲ್ಲಿ ನೀನು ಕೆಲಸದಲ್ಲಿದ್ದಾಗ, ನೀರು ಕರೆಂಟಾಗುವುದು ಹೇಗೆ ಅಂತ ಆ ಪುಟ್ಟ ಹುಡುಗಿ ನನ್ನನ್ನು ಕೂರಿಸಿಕೊಂಡು ಹೇಳಿದಳು ನೋಡು, ನನ್ನ ಸಿಟ್ಟು ಅರ್ಧ ಇಳಿದದ್ದು ಆವತ್ತು.

ಪರೀಕ್ಷೆಯಿಂದ ಮುಖ ಸಣ್ಣ ಮಾಡಿಕೊಂಡು ಬಂದಳು. ಭೌತಶಾಸ್ತ್ರದ ಶುರುವಿನಲ್ಲೇ ಒಂದು ಪ್ರಶ್ನೆ ನಮ್ಮ ಪುಸ್ತಕದಲ್ಲಿ ಇಲ್ಲದ್ದಂತೆ. ನೀನು ತಂದಿಟ್ಟವು ಹಳೆಯ ಪುಸ್ತಕಗಳು, ಪಠ್ಯ ಬದಲಾಗಿದೆ. ಅವಳು ಆಸೆಪಟ್ಟು ಕಲಿತ ಕೆಲವು ಪಾಠಗಳು ಈಗ ಪರೀಕ್ಷೆಗೇ ಇಲ್ಲ. ಕಾಲೇಜಿನ ಮಕ್ಕಳಿಗೆ ಲೆಕ್ಚರರ್ ಹೇಳುತ್ತಾರೆ, ನಮ್ಮ ಮನೆಗೆ ಬಂದು ಹೇಳುವವರು ಯಾರು? ಹೋಗಲಿ, ತನುಜಾ ಹೊಸ ಪುಸ್ತಕ ತರಿಸಿದ್ದಾಳೆ. ನನ್ನ ಚಿಂತೆ ಅದಲ್ಲ. ಬೇರೆ ಮಕ್ಕಳು ಆ ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹಾರಿದ್ದಾರೆ. ಇವಳು ಅಲ್ಲೇ ಕೂತು, ಗೊತ್ತಿದ್ದುದರಿಂದ ಗೊತ್ತಿಲ್ಲದ್ದಕ್ಕೆ ದಾರಿ ಹುಡುಕುತ್ತ ಹಾಳೆ ತುಂಬಿಸಿದ್ದಾಳೆ. ಉತ್ತರ ಸರಿಯಾಗಿಯೇ ಬಂತು. ಅಷ್ಟರಲ್ಲಿ ಬೆಲ್ ಆಯಿತು, ಉಳಿದವೆಲ್ಲ ಖಾಲಿ. ಅಲ್ಲಿನ ವಿನೋದ್ ಮೇಷ್ಟ್ರು ಆ ಹಾಳೆ ನೋಡಿ, “ಅಮ್ಮಾ, ಇವಳಿಗೆ ಲೆಕ್ಕ ಬರುತ್ತೆ, ಬಿಡೋಕೆ ಬರಲ್ಲ” ಅಂದರು. ಬಸ್ಸಿನಲ್ಲಿ ನಾನು ಬೈಯಲು ಬಾಯಿ ತೆಗೆದರೆ, “ಅರ್ಥ ಆಗ್ದೆ ಮುಂದೆ ಹೋಗ್ಬಾರ್ದು ಅಂತ ಅಪ್ಪ ಹೇಳಿದಾರಲ್ಲ ಅಜ್ಜಿ” ಅಂದಳು.

ಹೌದು, ನೀನೇ ಹೇಳಿದ್ದು. ಭಿನ್ನರಾಶಿ ತಲೆಗೆ ಹತ್ತಲಿ ಅಂತ ಒಂದಿಡೀ ಬೇಸಿಗೆ ಮುಂದಿನ ಪಾಠ ತೆಗೆಯದ ಅಪ್ಪ ನೀನು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಈ ಹುಡುಗಿ ತಯಾರಾದದ್ದೇ ಆ ಬೇಸಿಗೆಯಿಂದ. ಆದರೆ ಶಿರಸಿಯ ಅರಣ್ಯ ಕಾಲೇಜು ಸೇರಬೇಕು ಅನ್ನುವ ಅವಳ ಆಸೆಗೆ ಈ ಪರೀಕ್ಷೆ ದಾಟಲೇಬೇಕು. ಮಂಡಗದ್ದೆಯಲ್ಲಿ ಹಕ್ಕಿ ನೋಡುತ್ತ ಊಟ ಮರೆಯುವವಳು ಎಲ್ಲ ಗೊತ್ತಿದ್ದೂ ಹೊರಗೆ ನಿಂತಾಳು ಅಂತ ನೆನೆದರೆ ನನಗೆ ಸಂಕಟವಾಗುತ್ತದೆ.

ಬಿಸಿನೀರೇ ಕುಡಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಸುರಂಗಕ್ಕೆ ಇಳಿಯುವವರೆಲ್ಲ ಚೆನ್ನಾಗಿರಲಿ.

ನಿನ್ನ ಅಮ್ಮ,
ಹೇಮಾವತಿ

ತಾ.ಕ.: ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಓದು. ‘ಬಿಟ್ಟು ಮುಂದೆ ಹೋಗೇ ಮಾರಾಯ್ತಿ’ ಅಂತ ನಾನೂ ತನುಜಾಳೂ ಹೇಳಿ ಸೋತೆವು. “ಅಪ್ಪ ಹೇಳ್ಲಿ” ಅನ್ನುತ್ತಾಳೆ. ನಿನ್ನನ್ನು ಕೇಳಲು ಮಾತ್ರ ಅವಳಿಗೆ ಧೈರ್ಯವಿಲ್ಲ, ನಿನಗೆ ಬೇಜಾರಾಗುತ್ತದಂತೆ. ಮೊನ್ನೆ ಫೋನಿನಲ್ಲಿ ಪರೀಕ್ಷೆ ಚೆನ್ನಾಗಾಯ್ತು ಅಂದದ್ದು ಅದಕ್ಕೇ. ಈ ಕಾಗದ ಸಿಕ್ಕ ಮೇಲೆ ಬರುವ ಭಾನುವಾರ ಅವಳಿಗೆ ಹೇಳು: ‘ಗೊತ್ತಾಗ್ದಿದ್ರೆ ಬಿಟ್ಟು ಮುಂದೆ ಹೋಗು ಮಗಳೇ, ನಾನು ಬಂದ್ಮೇಲೆ ಇಬ್ರೂ ಕೂತು ನೋಡೋಣ.’ ಆ ‘ಇಬ್ರೂ ಕೂತು’ ಅನ್ನುವುದನ್ನು ಮರೆಯಬೇಡ. ಅದಿಲ್ಲದಿದ್ದರೆ ಅವಳು ಮುಂದೆ ಹೋಗುವುದಿಲ್ಲ.