ಮಷೀನು ಕುಣಿದ ಪ್ರಬಂಧ

ಮಗಳೇ,

ನೀನು ಒಳ್ಳೇ ನಿದ್ದೆಯಲ್ಲಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಕಾಲೇಜು ಅರ್ಜಿಯ ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವ ನಿನ್ನ ಮೇಡಂ ಫೋನ್ ಮಾಡಿದ್ದರು. "ಜಗತ್ತನ್ನೇ ಬದಲಾಯಿಸ್ತೀನಿ ಅಂತ ಬರೆದಿದ್ದನ್ನೆಲ್ಲ ಕೊನೆಗೂ ಕಸದ ಬುಟ್ಟಿಗೆ ಹಾಕಿದ್ದಾಳೆ, ಬದುಕಿದೆ!" ಎಂದು ನಕ್ಕರು. ನೀನೂ ಅಪ್ಪನೂ ಬಟ್ಟೆ ಒಗೆಯುವ ಮಷೀನು ಬಿಚ್ಚಿ ರಿಪೇರಿ ಮಾಡಿದ ಕತೆಯನ್ನು ಪೂರ್ತಿ ಓದಿ ಹೇಳಿದರು. ಮಷೀನು ಅಡುಗೆಮನೆ ತುಂಬ ಕುಣಿದದ್ದು, ನಡುಮನೆಗೆ ನೀರು ನುಗ್ಗಿದ್ದು, ಅಪ್ಪ "ಓಡ್ತಿದೆ ಅಂದ್ರೆ ಸರಿಹೋಗಿದೆ" ಅಂದದ್ದು, ಎಲ್ಲ ಸರಿ. ನನ್ನ ಬೈಗುಳವನ್ನೂ ಒಂದೂ ಬಿಡದೆ ಹಾಕಬೇಕಿತ್ತೇನೇ? ಮೇಡಂಗೆ ಅದೇ ಬಹಳ ಹಿಡಿಸಿತಂತೆ! ನಾಚಿಕೆಯಾದರೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

"ಇದು ಅವಳದೇ ಮಾತು. ಇನ್ನು ಒಂದಕ್ಷರನೂ ಮುಟ್ಟೋದು ಬೇಡ, ಕಳಿಸ್ಲಿ" ಅಂದಿದ್ದಾರೆ.

ಮುಖ ತೊಳೆದು, ಮುಚ್ಚಿಟ್ಟ ತಿಂಡಿ ತಿಂದು, ಆಮೇಲೆ ಕಳಿಸು. ಇವತ್ತೇ ಕೊನೆಯ ದಿನ. ಮತ್ತೆ ತಿದ್ದುತ್ತಾ ಕೂತರೆ ನೋಡು!

ಕಾಲೇಜಿನವರು ಏನೇ ಹೇಳಲಿ, ಸಂಜೆ ಅಪ್ಪನಿಗೆ ನೀನೇ ಅದನ್ನು ಓದಿ ಹೇಳಬೇಕು. ಬೈದ ಕಡೆ ಮಾತ್ರ ನಾನೇ ಓದುತ್ತೇನೆ. ಅದು ನಿನ್ನಿಂದಾಗದ ಕೆಲಸ.

ಅಮ್ಮ