ಮಂಗಳಾರತಿಗಾಗಿ ಸೇರಿಸಿದ ಸಾಲು

ಅಳವಂಡಿ, ೧೯೪೬

ತಮ್ಮಾ ಹಂಪಣ್ಣಾ,

ನೀನು ತೀರಿದ ಮೇಲೆ ಗಂಗಾವತಿಯಿಂದ ಬಂದ ಟ್ರಂಕಿನಲ್ಲಿದ್ದ ನಿನ್ನ ಕಾದಂಬರಿಯನ್ನು ಇವತ್ತು ಪಡಸಾಲೆಯಲ್ಲಿ ಎಲ್ಲರಿಗೂ ಓದಿ ಮುಗಿಸಿದೆ. ಪ್ಲೇಗಿನಿಂದ ಲೋಕವೆಲ್ಲ ಸತ್ತು ಒಬ್ಬನೇ ಉಳಿಯುವ ಕಥೆ.

"ಸುಳ್ಳಲ್ರಿ, ನಾವು ಕಂಡದ್ದ ಐತಿ," ಎಂದು ನೆರೆಯ ಉಮರಸಾಬ ಅತ್ತ.

"ಇಂಥಾ ಅಪಶಕುನ ಯಾಕ ಬರದಾನ?" ಎಂದು ಕಳಕಮ್ಮತ್ತಿ ಸಿಡುಕಿದಳು.

ಆದರೂ ಪುರಾಣ ಮುಗಿದಾಗಿನಂತೆ ಆರತಿ ಹಿಡಿದು ಶುಭದ ಮಾತಿಗೆ ಕಾದರು. ನೀನು ಬರೆದ ಕೊನೆಯನ್ನು ಓದಲು ನನಗೆ ಧೈರ್ಯ ಸಾಲಲಿಲ್ಲ. ದೂರದಲ್ಲಿ ಕೂಸೊಂದು ಅತ್ತಿತೆಂದು ನಾನೇ ಸೇರಿಸಿ ಓದಿದೆ. ಆರತಿ ಬೆಳಗಿ ನಿನ್ನನ್ನು ಹೊಗಳಿದರು.

ಆ ಕೊನೆಯಲ್ಲಿ, ಒಬ್ಬನೇ ಉಳಿದವನು, "ಅಣ್ಣಾ, ಬಾಗಲಾ ತೆಗಿ," ಎಂದು ಕದ ಬಡಿಯುತ್ತಾನೆ. ಅಣ್ಣ ಒಳಗೆ ಸತ್ತಿದ್ದಾನೆ.

ಪ್ಲೇಗಿನ ವರ್ಷ ನೀನು ಜ್ವರದಲ್ಲಿ ಬಂದು ಬಡಿದಾಗ ನಾನು ಒಳಗೆ ಬದುಕಿಯೇ ಇದ್ದೆನಲ್ಲೋ, ತಮ್ಮಾ.