ಅಪ್ಪನ ಪಾದ ನಿಂತ ಜಾಗ

ಕಥೆಗಾರ್ತಿ ತಂಗಿಗೆ,

ಪತ್ರಿಕೆಯವರು ಕಥೆ ವಾಪಸ್ ಕಳಿಸಿದರೆಂದು ಬರೆಯುವುದನ್ನೇ ಬಿಡುತ್ತೀಯಾ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ!

ಅಪ್ಪನ ಹೊಲಿಗೆ ಅಂಗಡಿ ನೆನಪಿದೆಯಲ್ಲ? ನೀನು ಚಿಂದಿ ಬಟ್ಟೆಯ ಗುಡ್ಡೆ ಮೇಲೆ ಕೂತು, ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪ ಮೆಷಿನ್ ತುಳಿಯುತ್ತಲೇ ಕೇಳುತ್ತಿದ್ದರು. ಒಂದು ದಿನವೂ ‘ಚೆನ್ನಾಗಿದೆ’ ಅಂದವರಲ್ಲ. ಆದರೆ ಕೆಲವು ಸಾಲುಗಳಿಗೆ ಮೆಷಿನ್ ತಾನಾಗಿ ನಿಲ್ಲುತ್ತಿತ್ತು. ಅಲ್ಲಿ ನೀನು ಪೆನ್ಸಿಲ್ ಗುರುತು ಹಾಕಿ, ಉಳಿದದ್ದನ್ನೆಲ್ಲ ಮತ್ತೆ ಬರೆಯುತ್ತಿದ್ದೆ. ಬೇರೆ ಗುರು ನಿನಗೆಲ್ಲಿದ್ದರು?

ಈ ಸಲದ ಕಥೆಯನ್ನು ಯಾರಿಗೂ ಓದಿ ಹೇಳದೆ ಕಳಿಸಿದೆ, ಹೌದು ತಾನೆ?

ಅಪ್ಪ ಈಗ ಹೊಲಿಯುವುದಿಲ್ಲ, ಕಣ್ಣು ಕೈಕೊಟ್ಟಿದೆ. ಆದರೂ ಕುರ್ಚಿಯಲ್ಲಿ ಕೂತರೆ ಪಾದ ನೆಲವನ್ನು ತುಳಿಯುತ್ತಲೇ ಇರುತ್ತದೆ. ನಾನು ಪೇಪರ್ ಓದಿದರೂ ನಿಲ್ಲುವುದಿಲ್ಲ, ನೆಂಟರು ಬಂದರೂ ನಿಲ್ಲುವುದಿಲ್ಲ. ನಿನ್ನೆ, ನೀನು ಇಲ್ಲಿ ಬಿಟ್ಟುಹೋದ ಅರ್ಧ ಕಥೆಯನ್ನು ಅಪ್ಪನಿಗೆ ಓದಿದೆ.

“ತೋಳು ಉದ್ದ ಆಯ್ತು, ಸ್ವಲ್ಪ ಕತ್ತರಿಸು ಅನ್ನು ಅವಳಿಗೆ” ಎಂದು ಮೊದಲ ಪುಟಕ್ಕೇ ಗೊಣಗಿದರು. ಕತ್ತರಿಸು.

ಆದರೆ ನಿನ್ನ ಕಥೆಯ ಹುಡುಗಿ ತನ್ನ ಊರು ಬಂದರೂ ಬಸ್ಸಿನಿಂದ ಇಳಿಯದೆ ಕೂತೇ ಇರುತ್ತಾಳಲ್ಲ, ಅಲ್ಲಿ ಪಾದ ನಿಂತಿತು ಕಣೇ. ನೀನು ಬರೆದದ್ದೂ ಅಲ್ಲಿಗೇ ಮುಗಿದಿತ್ತು.

“ಆಮೇಲೆ?” ಅಂದರು ಅಪ್ಪ.

ನನಗೇನು ಗೊತ್ತು? ಬೇಗ ಬರೆದು ಕಳಿಸು.

ಕಾಯುತ್ತಿರುವ ಇಬ್ಬರ ಪರವಾಗಿ,
ನಿನ್ನ ಅಕ್ಕ